ಹನ್ನೊಂದನೇ ಕಾಲಂ

ನಾನು ವೃತ್ತಿಯಿಂದ ಭೂಮಾಪಕ. 1996ರಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಸೊರಬ, ಹೊಸನಗರ, ತೀರ್ಥಹಳ್ಳಿ, ಸಾಗರ ಎಂದು ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳಲ್ಲೇ ಜಮೀನು ಅಳೆಯುತ್ತ, ಪಾಲಾದ ಜಮೀನನ್ನು ಬೇರ್ಪಡಿಸಿ ಪೋಡಿ ಮಾಡುತ್ತ, ಗಡಿಯ ಹದ್ದುಬಸ್ತು ಗುರುತಿಸುತ್ತ ಬಂದಿದ್ದೇನೆ. ನನ್ನ ಮೊದಲ ಕಾದಂಬರಿ 2019ರಲ್ಲಿ ಅಚ್ಚಾದಾಗ ನನಗೆ ನಲವತ್ತೇಳು ವರ್ಷವಾಗಿತ್ತು. ಅದನ್ನು ಬರೆಯಲು ಕೂತ ದಿನದಿಂದ ಎಣಿಸಿದರೆ ಹತ್ತು ವರ್ಷ. ನೌಕರಿಯ ನಡುವೆ ಯಾವಾಗ ಬರೆಯುತ್ತೀರಿ, ಒಂದು ಪುಸ್ತಕಕ್ಕೆ ಅಷ್ಟು ಕಾಲ ಏಕೆ ಹಿಡಿಯಿತು ಎಂದು ಬರೆಯುವ ಹಂಬಲವುಳ್ಳ ಕಿರಿಯರು ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರಿಸಬೇಕಾದರೆ ನಾನು ಬರೆದು ತೆಗೆದುಹಾಕಿದ ಪುಟಗಳ ಬಗ್ಗೆಯೂ ನೀರಿನಡಿಯಲ್ಲಿರುವ ಒಂದು ಅಂಗಳದ ಬಗ್ಗೆಯೂ ಹೇಳಬೇಕಾಗುತ್ತದೆ.

ಸುಲಭವಾದದ್ದನ್ನು ಮೊದಲು ಹೇಳುತ್ತೇನೆ. ಬೆಳಗಿನ ನಾಲ್ಕೂಮುಕ್ಕಾಲರಿಂದ ಆರೂಮುಕ್ಕಾಲರವರೆಗೆ ಬರೆಯುತ್ತೇನೆ. ಎಂಟು ಗಂಟೆಗೆ ಅಳತೆಯ ಕೆಲಸಕ್ಕೆ ಹೊರಡಬೇಕಾದವನಿಗೆ ದಿನದಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ಹೊತ್ತು ಅದೊಂದೇ. ಬರೆಯುವುದು ಅಂಗಡಿಯವರು ಬಾಕಿ ಬರೆದಿಡುವಂಥ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ಬಲಗಡೆಯ ಪುಟದಲ್ಲಿ ಮಾತ್ರ; ಎಡಗಡೆಯ ಪುಟ ತಿದ್ದುಪಡಿಗೆ ಮೀಸಲು. ದಿನಕ್ಕೆ ಎರಡು ಪುಟ. ಎರಡು ಪುಟ ತುಂಬಿದ ಮೇಲೆ ಮನಸ್ಸು ಎಷ್ಟೇ ಓಡುತ್ತಿದ್ದರೂ ಮುಂದಿನ ವಾಕ್ಯವನ್ನು ಅರ್ಧ ಬರೆದು, ಕ್ರಿಯಾಪದಕ್ಕೆ ಮುಂಚೆಯೇ ನಿಲ್ಲಿಸಿ ಏಳುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವುದರಿಂದ ಇದು ಬಹಳ ಅನುಕೂಲ. ಯಾರು, ಎಲ್ಲಿ, ಯಾವುದನ್ನು ಎಂಬುದೆಲ್ಲ ಕಾಗದದ ಮೇಲೆ ಇರುತ್ತದೆ, ಏನು ಮಾಡಿದರು ಎಂಬುದು ಮಾತ್ರ ಬಾಕಿ ಉಳಿದಿರುತ್ತದೆ. ಗದ್ದೆಯ ಬದುವಿನ ಮೇಲೆ ಸರಪಳಿ ಎಳೆಯುವಾಗ ಆ ಬಾಕಿ ತಲೆಯ ಹಿಂಬದಿಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.

ವಾರದ ದಿನಗಳಲ್ಲಿ ಹಿಂದಿನದನ್ನು ತಿರುಗಿ ಓದುವುದಿಲ್ಲ. ಭಾನುವಾರ ಇಡೀ ವಾರದ ಹನ್ನೆರಡು ಪುಟಗಳನ್ನು ನನ್ನ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ನಾಲಿಗೆ ತಡವರಿಸಿದ ಕಡೆ ಕೆಳಗೆ ಗೆರೆ ಎಳೆಯುತ್ತೇನೆ. ಆಕೆ ಕೇಳುತ್ತ ಅಕ್ಕಿ ಆರಿಸುತ್ತಿರುತ್ತಾಳೆ. ಆಕೆಯ ಕೈ ನಿಂತ ಕಡೆ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಆಮೇಲೆ ಅದನ್ನು ಕಂಪ್ಯೂಟರಿಗೆ ಇಳಿಸುವುದು. ಇಷ್ಟೇ ನನ್ನ ದಿನಚರಿ. ಈ ದಿನಚರಿಯಿಂದ ಪುಟಗಳು ಹುಟ್ಟುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪುಟಗಳು ಸೇರಿದರೆ ಕಾದಂಬರಿ ಆಗಿಯೇ ತೀರುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆ ಕಳಚಲು ಮೂರು ವರ್ಷ ಮತ್ತು 640 ಪುಟ ಬೇಕಾಯಿತು.

ನಮ್ಮದು ಮುಳುಗಡೆಯ ಕುಟುಂಬ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯುವ ಹೊತ್ತಿಗೆ ಸಾಗರ, ಹೊಸನಗರ ತಾಲ್ಲೂಕುಗಳ ಹಲವಾರು ಊರುಗಳು ಖಾಲಿಯಾಗಿದ್ದವು. ಅದಕ್ಕಿಂತ ಮೊದಲು, ಜೋಗದ ವಿದ್ಯುದಾಗಾರಕ್ಕಾಗಿ 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಈ ಹೊಸ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದರ ಕಟ್ಟಡ ಈಗಲೂ ಮೇಲೆದ್ದು ಕಾಣುತ್ತದೆ. ಕರೂರು ಹೋಬಳಿಯ ಒಂದು ಪುಟ್ಟ ಊರಿನಲ್ಲಿದ್ದ ನಮ್ಮ ಅಜ್ಜಿ 1963ರಲ್ಲಿ ಮಕ್ಕಳು, ದನ, ಹಂಡೆ, ಒರಳುಕಲ್ಲುಗಳೊಂದಿಗೆ ಲಾರಿ ಹತ್ತಿ ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ಬಂದರು. ನಾನು ಹುಟ್ಟಿದ್ದು ಆ ಹೊಸ ಊರಿನಲ್ಲಿ, 1972ರಲ್ಲಿ. ಹೊಸ ಊರಿಗೆ ಅಂದಿಗೂ ಸರಿಯಾದ ಹೆಸರಿರಲಿಲ್ಲ. ಹಳೆಯ ಊರನ್ನು ಮಾತ್ರ ಅಜ್ಜಿ ದಿನಕ್ಕೊಮ್ಮೆಯಾದರೂ ಹೆಸರು ಹಿಡಿದು ಕರೆಯುತ್ತಿದ್ದರು.

ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆಗೆ ವಾರಪತ್ರಿಕೆ ತರಿಸುತ್ತಿದ್ದರು. ಅದರಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ಕೊನೆಯ ಕಂತು ಬಂದ ಮೇಲೆ ಗೋಣಿ ಹೊಲಿಯುವ ಸೂಜಿಯಿಂದ ಪೋಣಿಸಿ, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುವುದು ಆಗ ಎಷ್ಟೋ ಮನೆಗಳಲ್ಲಿದ್ದ ರೂಢಿ. ಅಜ್ಜಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಪ್ರತಿ ವಾರದ ಕಂತನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. ನನಗೆ ಹದಿಮೂರು ವರ್ಷವಾಗಿದ್ದಾಗ ಒಂದು ಮಳೆಗಾಲದಲ್ಲಿ ಒಂದು ವಾರದ ಸಂಚಿಕೆ ಬರಲೇ ಇಲ್ಲ. ಅಜ್ಜಿಯನ್ನು ನಿರಾಸೆಗೊಳಿಸಲು ಮನಸ್ಸು ಬಾರದೆ ನಾನು ಹಳೆಯ ಸಂಚಿಕೆಯೊಂದನ್ನು ಕೈಯಲ್ಲಿ ಹಿಡಿದು, ಕಥೆಯ ಮುಂದಿನ ಭಾಗವನ್ನು ಅಲ್ಲೇ ಕಟ್ಟಿ, ಓದಿದಂತೆ ಹೇಳಿದೆ. ಒಂದು ಜಗಳ, ಒಂದು ಕಾಗದ ಕಳವು, ರಾತ್ರಿಯ ಬಸ್ಸು, ಎಲ್ಲವೂ ಅದರಲ್ಲಿತ್ತು. ಅಜ್ಜಿ ಕೊನೆಯವರೆಗೂ ಕೇಳಿ, ಕವಳದ ತಟ್ಟೆ ಹತ್ತಿರ ಎಳೆದುಕೊಳ್ಳುತ್ತ, "ಈ ವಾರದ್ದು ಬೇರೆ ಯಾರೋ ಬರ್ದ ಹಾಗಿದ್ಯಲ್ಲೋ. ಯಾರೂ ಊಟನೇ ಮಾಡ್ಲಿಲ್ಲ" ಎಂದರು.

ನನ್ನ ಬರವಣಿಗೆಯ ಬಗ್ಗೆ ಬಂದ ಮೊದಲ ವಿಮರ್ಶೆ ಅದು. ಅದರ ತೂಕ ಏನೆಂದು ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ಕೆಲಸ ಸಿಕ್ಕ ಮೇಲೆ ಕಥೆಗಳನ್ನು ಬರೆದು ಪತ್ರಿಕೆಗಳಿಗೆ ಕಳಿಸತೊಡಗಿದೆ. ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆ ಜೊತೆಗಿಟ್ಟರೆ ಅಸ್ವೀಕೃತ ಬರಹವನ್ನು ಮರಳಿಸುತ್ತಿದ್ದ ಕಾಲ ಅದು. ನನ್ನ ಅಕ್ಷರದಲ್ಲೇ ನನ್ನ ವಿಳಾಸ ಬರೆದ ಲಕೋಟೆಗಳು ಒಂದೊಂದಾಗಿ ಮನೆಗೆ ಬಂದವು. ನಾಲ್ಕು ವರ್ಷಗಳ ಬಳಿಕ ಒಂದು ಕಥೆ ಅಚ್ಚಾಯಿತು, ಆಮೇಲೆ ಇನ್ನೆರಡು. ಆ ದಿನಗಳಲ್ಲಿ ನನಗೆ ನಿಜವಾಗಿ ಪಾಠವಾದದ್ದು ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಆರಂಭಿಸಿದ ರಂಗಸಂಸ್ಥೆ ನೀನಾಸಂ, ಅಕ್ಟೋಬರಿನಲ್ಲಿ ನಡೆಸುತ್ತಿದ್ದ ಸಂಸ್ಕೃತಿ ಶಿಬಿರಕ್ಕೆ ರಜೆ ಹಾಕಿ ಹೋಗಿದ್ದೆ. ಉಪನ್ಯಾಸಗಳಿಗಿಂತ ಹೆಚ್ಚಾಗಿ ಉಳಿದದ್ದು ನಾಟಕದ ತಾಲೀಮು. ಒಬ್ಬ ನಟ ಬಾಗಿಲು ದಾಟಿ ಒಳಗೆ ಬಂದು ಚೊಂಬು ಕೆಳಗಿಡುವ ಒಂದು ಸಣ್ಣ ಚಲನೆಯನ್ನು ಅವರು ಒಂದು ಸಂಜೆಯೆಲ್ಲ ಮಾಡಿದರು. ಪ್ರತಿ ಸಲವೂ ಚೊಂಬಿನಲ್ಲಿ ನೀರಿದೆಯೋ ಇಲ್ಲವೋ ಎಂಬುದು ಕೈಯ ಭಾರದಿಂದಲೇ ಗೊತ್ತಾಗಬೇಕಿತ್ತು. ನಾನು ಅಲ್ಲಿಯವರೆಗೆ ತಿದ್ದುವುದೆಂದರೆ ಪದ ಬದಲಿಸುವುದು ಎಂದುಕೊಂಡಿದ್ದೆ.

2009ರಲ್ಲಿ ಮುಳುಗಡೆಯ ಕಾದಂಬರಿಗೆ ಕೈ ಹಾಕಿದೆ. ಹಾಕುವ ಮುನ್ನ ಅಂಜಿಕೆಯಿತ್ತು. ಸಾಗರದ ನಾ. ಡಿಸೋಜ ಅವರು ಈ ನೀರಿನ ಕಥೆಯನ್ನು ನಮಗಿಂತ ಬಹಳ ಮೊದಲೇ ಬರೆದಿದ್ದರು. ಅವರ 'ದ್ವೀಪ' ಗಿರೀಶ ಕಾಸರವಳ್ಳಿಯವರ ಕೈಯಲ್ಲಿ 2002ರಲ್ಲಿ ಚಲನಚಿತ್ರವೂ ಆಗಿತ್ತು. ಅವರೂ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬರೆದವರು ಎಂಬುದು ನನಗೆ ಧೈರ್ಯ ಕೊಡುತ್ತಿತ್ತು, ಅವರು ಬರೆದಾದ ಮೇಲೆ ನಾನು ಹೇಳಬೇಕಾದದ್ದು ಏನು ಉಳಿದಿದೆ ಎಂಬ ಪ್ರಶ್ನೆ ಆ ಧೈರ್ಯವನ್ನು ಕಸಿಯುತ್ತಿತ್ತು. ಒಂದು ನದಿಯ ಬಗ್ಗೆ ಒಬ್ಬರು ಬರೆದರೆ ಆ ನದಿ ಮುಗಿಯುವುದಿಲ್ಲ ಎಂದು ಈಗ ನಿಸ್ಸಂಕೋಚವಾಗಿ ಹೇಳಬಲ್ಲೆ. ಅಂದು ಮಾತ್ರ ಆ ಅಂಜಿಕೆಯಿಂದಲೇ ನಾನು ಎಲ್ಲವನ್ನೂ ದೊಡ್ಡದು ಮಾಡಿದೆ. ಮೂರು ತಲೆಮಾರು, ನಾಲ್ಕು ಊರು, ಅರವತ್ತಕ್ಕೂ ಹೆಚ್ಚು ಪಾತ್ರಗಳು, ಯೋಜನೆಯ ಇತಿಹಾಸ, ಟಿಎಂಸಿ ಲೆಕ್ಕ, ಜಲಾಶಯದ 1819 ಅಡಿಯ ಪೂರ್ಣ ಮಟ್ಟ, ಎಲ್ಲವೂ ಅದರೊಳಗೆ ಬಂದವು. 2012ರ ಕೊನೆಗೆ ಲೆಕ್ಕದ ಪುಸ್ತಕಗಳು ಏಳಾಗಿದ್ದವು.

ಬೆರಳಚ್ಚು ಮಾಡಿಸಿದ ಪ್ರತಿಯನ್ನು ಒಂದು ಪ್ರಕಾಶನಕ್ಕೆ ಕೊಟ್ಟೆ. ಹದಿನಾಲ್ಕು ತಿಂಗಳು ಏನೂ ತಿಳಿಯಲಿಲ್ಲ. ಕೊನೆಗೆ ನಾನೇ ಹೋಗಿ ವಿಚಾರಿಸಿದಾಗ ಒಂದು ಮೂಲೆಯಿಂದ ಕಟ್ಟು ತೆಗೆದುಕೊಟ್ಟರು. ನಡುವಿನ ನಲವತ್ತು ಹಾಳೆ ಅದರಲ್ಲಿ ಇರಲಿಲ್ಲ, ಅದು ಯಾರಿಗೂ ಗೊತ್ತೇ ಆಗಿರಲಿಲ್ಲ. ನೋವಾಯಿತು ಎನ್ನುವುದಕ್ಕಿಂತ ಹೆಚ್ಚಾಗಿ ಭಯವಾಯಿತು. ಮನೆಗೆ ಬಂದು ಆ ನಲವತ್ತು ಹಾಳೆಗಳನ್ನು ಬಿಟ್ಟು ಓದಿದೆ. ಕಥೆಗೆ ಯಾವ ಊನವೂ ಕಾಣಲಿಲ್ಲ. ಇನ್ನೂ ನೂರು ಹಾಳೆ ಬಿಟ್ಟು ಓದಿದೆ. ಆಗಲೂ ಹಾಗೆಯೇ ಇತ್ತು. ಇದಾದ ಮೇಲೆ ಹಿರಿಯ ಸಂಪಾದಕರೊಬ್ಬರಿಗೆ ಕಳಿಸಿದಾಗ ಅವರು ಒಂದೇ ಕಾರ್ಡಿನಲ್ಲಿ ಉತ್ತರಿಸಿದರು: ನಿಮ್ಮ ಜನ ಎಲ್ಲರೂ ಮುಳುಗಿದವರೇ ಹೊರತು ಮುಳುಗುವ ಮೊದಲು ಏನು ಮಾಡುತ್ತಿದ್ದರು ಎಂಬುದು ತಿಳಿಯಲಿಲ್ಲ. ನನಗೆ ಅಜ್ಜಿಯ ಮಾತು ನೆನಪಾಯಿತು. ಅಜ್ಜಿ ಆಗ ಇರಲಿಲ್ಲ, 1994ರಲ್ಲೇ ತೀರಿಕೊಂಡಿದ್ದರು.

ಎರಡು ವರ್ಷ ಬರೆಯಲಿಲ್ಲ. ಆದರೂ ನಾಲ್ಕೂಮುಕ್ಕಾಲಕ್ಕೆ ಎಚ್ಚರವಾಗುತ್ತಿತ್ತು, ಮೇಜಿನ ಮುಂದೆ ಕೂರುತ್ತಿದ್ದೆ, ನಿಘಂಟು ಓದುತ್ತಿದ್ದೆ. ಈ ಕೂರುವಿಕೆಯನ್ನು ಬಿಡಲಿಲ್ಲ ಎಂಬುದಷ್ಟೇ ಆ ಎರಡು ವರ್ಷಗಳ ಸಾಧನೆ.

2015ರಲ್ಲಿ ಸೊರಬದ ಕಡೆ ಅಣ್ಣ ತಮ್ಮಂದಿರ ಹಿಸ್ಸೆಯ ಅಳತೆಗೆ ಹೋಗಿದ್ದೆ. ಹಳೆಯ ಅಳತೆಯ ದಾಖಲೆಯಾದ ಟಿಪ್ಪಣಿಯ ಪ್ರಕಾರ ಎರಡು ಪಾಲಿನ ನಡುವಿನ ಗೆರೆ ಈಗಿರುವ ಬದುವಿಗಿಂತ ಆರು ಅಡಿ ಈಚೆಗೆ ಬರುತ್ತಿತ್ತು. ಅಂದರೆ ಬದು ತಮ್ಮನ ಪಾಲಿಗೆ ಹೋಗಬೇಕು. ಅಣ್ಣನಿಗೆ ಎಪ್ಪತ್ತು ದಾಟಿತ್ತು. ಆತ ವಾದ ಮಾಡಲಿಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಅದನ್ನು ಸವರುತ್ತ, "ಗೆರೆ ಎಲ್ಲಿಗಾದ್ರೂ ಹಾಕ್ಕೊಳಿ ಸಾರ್. ಈ ಬದು ಅವಂದೂ ಅಲ್ಲ, ನಂದೂ ಅಲ್ಲ. ನಮ್ಮಮ್ಮನ ಬಳೆ ಅಡ ಇಟ್ಟು ಕಟ್ಸಿದ್ದು. ಬಿಡಿಸ್ಕೊಡೋಕೆ ಆಗ್ಲೇ ಇಲ್ಲ" ಎಂದ. ಪಕ್ಕದಲ್ಲಿ ನಿಂತಿದ್ದ ತಮ್ಮ ಮುಖ ತಿರುಗಿಸಿದ. ಅಳತೆ ಮುಗಿಸಿ, ಕಲ್ಲು ನೆಡಿಸಿ, ಇಬ್ಬರಿಂದಲೂ ಸಹಿ ಪಡೆದು ಬಂದೆ.

ಜಮೀನಿನ ಸರ್ಕಾರಿ ದಾಖಲೆಯಾದ ಪಹಣಿಯನ್ನು ನೋಡಿದ ಎಲ್ಲರಿಗೂ ಗೊತ್ತಿರುವಂತೆ, ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, ಹತ್ತರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಎಂಬುದಿರುತ್ತದೆ, ಹನ್ನೊಂದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಬ್ಯಾಂಕಿನ ಬೆಳೆಸಾಲ ತೀರಿಸುವವರೆಗೂ ಆ ಹನ್ನೊಂದರಲ್ಲಿ ಕೂತಿರುತ್ತದೆ. ತಾಯಿಯ ಬಳೆ ಯಾವ ಪಹಣಿಯ ಹನ್ನೊಂದನೇ ಕಾಲಂನಲ್ಲೂ ಇಲ್ಲ. ಅಂದು ರಾತ್ರಿ ಮನೆಗೆ ಬಂದು ಬಿಳಿ ಹಾಳೆಯ ಮೇಲೆ ಪಹಣಿಯ ಕಾಲಂಗಳನ್ನು ಗೆರೆ ಹಾಕಿ, ನನ್ನ ಕಾದಂಬರಿಯ ಮುಖ್ಯ ಹೆಣ್ಣಿನ ಹೆಸರನ್ನು ಒಂಬತ್ತರಲ್ಲಿ ಬರೆದೆ. ಆಕೆಯದೆನ್ನುವ ವಸ್ತುಗಳೇನು, ಅವು ಆಕೆಗೆ ಹೇಗೆ ಬಂದವು ಎಂದು ಹತ್ತರಲ್ಲಿ ತುಂಬಿದೆ. ಹನ್ನೊಂದಕ್ಕೆ ಬಂದಾಗ ಕೈ ನಿಂತಿತು. ಮೂರು ವರ್ಷ ಯಾರ ಬಗ್ಗೆ ಬರೆದಿದ್ದೆನೋ ಅವಳು ಯಾರಿಗೆ ಏನು ಕೊಡಬೇಕಾಗಿತ್ತು, ಯಾರು ಅವಳಿಗೆ ಏನನ್ನು ಕೊಡದೆ ಉಳಿಸಿಕೊಂಡಿದ್ದರು ಎಂಬುದು ನನಗೆ ತಿಳಿದಿರಲಿಲ್ಲ.

ಅಲ್ಲಿಂದ ಮುಂದೆ ಅದೇ ನನ್ನ ಕ್ರಮವಾಯಿತು. ಪ್ರತಿ ಪಾತ್ರಕ್ಕೂ ಒಂದು ಪಹಣಿ ಮಾಡುತ್ತೇನೆ; ಹನ್ನೊಂದನೇ ಕಾಲಂನಲ್ಲಿ ಕನಿಷ್ಠ ಮೂರು ಋಣ ಬರೆಯಲು ಆಗುವವರೆಗೆ ಆ ಪಾತ್ರವನ್ನು ಕಥೆಯೊಳಗೆ ಬಿಡುವುದಿಲ್ಲ. ದುಡ್ಡಿನ ಸಾಲವೇ ಆಗಬೇಕೆಂದಿಲ್ಲ. ಹೆರಿಗೆಯಲ್ಲಿ ರಾತ್ರಿಯಿಡೀ ಕೂತ ನೆರೆಮನೆಯವಳ ಉಪಕಾರ, ಸುಳ್ಳು ಸಾಕ್ಷಿ ಹೇಳಿಸಿಕೊಂಡದ್ದು, ಕೇಳಿ ತಂದು ಮರಳಿಸದ ಗರಗಸ, ಇವೂ ಆಗುತ್ತವೆ. ಇದರ ಜೊತೆಗೆ ಊರಿನ ನಕ್ಷೆಯನ್ನೂ ಅಳತೆಗೆ ಸರಿಯಾಗಿ ಬರೆದುಕೊಂಡೆ. ಹಾಗೆ ಬರೆದಾಗಲೇ, ಹಳೆಯ ಕರಡಿನಲ್ಲಿ ಒಬ್ಬಾತ ಪೂರ್ವಕ್ಕೆ ಮುಖ ಮಾಡಿದ ಜಗಲಿಯಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಎಂಬುದು ಕಣ್ಣಿಗೆ ಬಿತ್ತು. ದಿನವಿಡೀ ದಿಕ್ಕು ನೋಡಿ ಅಳೆಯುವವನು ಬರೆಯಲು ಕೂತಾಗ ದಿಕ್ಕು ಮರೆತಿದ್ದೆ.

ಆ ಊರನ್ನು ಕಂಡಿದ್ದವರಲ್ಲಿ ನನ್ನ ಹತ್ತಿರ ಉಳಿದಿದ್ದವರು ಅಪ್ಪನ ತಂಗಿ, ನನ್ನ ಚಿಕ್ಕತ್ತೆ. ಊರು ಬಿಡುವಾಗ ಅವರಿಗೆ ಹದಿನೆಂಟು ವರ್ಷ. ಹೊಸದಾಗಿ ಬರೆದ ಅಧ್ಯಾಯಗಳನ್ನು ಅವರಿಗೆ ಓದಿ ಹೇಳತೊಡಗಿದೆ. ಒಂದು ಕಡೆ ಮಳೆ ಸುರಿಯುತ್ತಿರುವಾಗ ಅಟ್ಟದ ಮೇಲೆ ಹೆಂಗಸರು ಹೊಸ ಅಡಿಕೆ ಒಣಗಿಸುವ ದೃಶ್ಯವಿತ್ತು; ನನಗೆ ಬಹಳ ಹಿಡಿಸಿದ್ದ ದೃಶ್ಯ. ಅತ್ತೆ ಕೈಯೆತ್ತಿ ತಡೆದರು. "ಪುನರ್ವಸು ಮಳೇಲಿ ಹೊಸ ಅಡಿಕೆ ಎಲ್ಲಿಂದ ತಂದ್ಯೋ? ಕೊನೆ ತೆಗೆಯೋದು ದೀಪಾವಳಿ ಕಳೆದ ಮೇಲೆ. ಆ ಮಳೇಲಿ ನಮ್ಗೆ ಕೊಳೆರೋಗದ್ದೇ ಚಿಂತೆ." ಅಡಿಕೆಮರ ಹತ್ತಿ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುವ ಕೊನೆಗಾರನಿಗಾಗಿ ಕಾಯುವುದು, ಮಳೆ ಒಂದು ಗಳಿಗೆ ಬಿಡುವು ಕೊಡುವುದನ್ನು ನೋಡುತ್ತ ಆತ ಕಂಬಳಿಕೊಪ್ಪೆ ಹೊದ್ದು ತೋಟದ ಅಂಚಿನಲ್ಲಿ ನಿಲ್ಲುವುದು, ಇದೆಲ್ಲ ಅವರ ಬಾಯಿಂದ ಬಂತು. ನನ್ನ ಚೆಂದದ ದೃಶ್ಯ ಹೋಯಿತು. ಆ ಜಾಗದಲ್ಲಿ ಕೊನೆಗಾರ ಬಂದು ನಿಂತ. ಆಗ ಆತನಿಗೊಂದು ಪಹಣಿ ಮಾಡಲು ಕೂತೆ. ಒಂಬತ್ತನೇ ಕಾಲಂ ಖಾಲಿಯಾಗಿತ್ತು, ಆತನಿಗೆ ಜಮೀನಿರಲಿಲ್ಲ. ಹನ್ನೊಂದರಲ್ಲೂ ಏನು ಬರೆಯಬೇಕೆಂದು ತಿಳಿಯಲಿಲ್ಲ. ಹಾಗೇ ಬಿಟ್ಟೆ.

2016ರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷದ ಮೇ ತಿಂಗಳಲ್ಲಿ ಹಿನ್ನೀರು ಬಹಳ ಹಿಂದೆ ಸರಿದಿದೆ, ಹಳೆಯ ಊರುಗಳ ಜಾಗ ಕಾಣುತ್ತಿದೆ ಎಂದು ಕೇಳಿ ಅತ್ತೆಯನ್ನು ಕರೆದುಕೊಂಡು ಹೋದೆ. ಜೀಪು ನಿಂತ ಕಡೆಯಿಂದ ಮುಂದೆ ಬಿರುಕುಬಿಟ್ಟ ಕೆಸರಿನ ಮೇಲೆ ನಡೆಯಬೇಕಿತ್ತು. ಕಣ್ಣು ಹಾಯುವವರೆಗೂ ಕರಿ ಹಿಡಿದ ಮರದ ಬೊಡ್ಡೆಗಳು. ಅರ್ಧ ಶತಮಾನ ನೀರಿನಲ್ಲಿದ್ದೂ ಅವು ಬೇರು ಬಿಟ್ಟುಕೊಟ್ಟಿರಲಿಲ್ಲ. ಅತ್ತೆ ಊರುಗೋಲು ಊರುತ್ತ, ಯಾರನ್ನೂ ಕೇಳದೆ, ಇಲ್ಲದ ದಾರಿಯಲ್ಲಿ ಬಲಕ್ಕೆ ತಿರುಗಿದರು, ಇಲ್ಲದ ತೋಡನ್ನು ಬಳಸಿ ಹೋದರು. ಒಂದು ಕಡೆ ಮನೆಯ ಜಂಬಿಟ್ಟಿಗೆಯ ಪಂಚಾಂಗ, ಅಂದರೆ ಅಡಿಪಾಯ, ಸೊಂಟದೆತ್ತರಕ್ಕೆ ಉಳಿದಿತ್ತು, ಮುಂದೆ ಮೂರು ಕಲ್ಲಿನ ಮೆಟ್ಟಿಲು. ಅತ್ತೆ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದರು.

ನನ್ನ ಚೀಲದಲ್ಲಿ ಟೇಪು ಇತ್ತು. ಜೀಪಿನ ಹುಡುಗನಿಂದ ಒಂದು ತುದಿ ಹಿಡಿಸಿ ಅಂಗಳ ಅಳೆದೆ. ಉದ್ದ 31 ಅಡಿ, ಅಗಲ 22. ಒಟ್ಟು 682 ಚದರ ಅಡಿ. ನಮ್ಮ ಹಳೆಯ ಸರಪಳಿ 33 ಅಡಿಯದು. ಅದರ ಉದ್ದಗಲದಷ್ಟು ಜಾಗ ಒಂದು ಗುಂಟೆ, ಗುಂಟೆಗೆ ಹದಿನಾರು ಆಣೆ, ನಲವತ್ತು ಗುಂಟೆಗೆ ಒಂದು ಎಕರೆ. ಆ ಲೆಕ್ಕದಲ್ಲಿ ನಮ್ಮ ಅಂಗಳ ಬರೀ ಹತ್ತು ಆಣೆ. ನನಗೆ ಎದೆಯಲ್ಲಿ ಏನೋ ಕುಸಿದಂತಾಯಿತು. ಏಕೆಂದರೆ 1962ರಲ್ಲಿ ನಡೆದ ದೊಡ್ಡತ್ತೆಯ ಮದುವೆಯಲ್ಲಿ, ಅದೇ ಆ ಮನೆಯ ಕೊನೆಯ ಮದುವೆ, ಅಂಗಳದ ಚಪ್ಪರದಡಿ ಮುನ್ನೂರು ಜನ ಕೂತು ಉಂಡಿದ್ದರು ಎಂದು ಅಜ್ಜಿ ಸಾಯುವವರೆಗೂ ಹೇಳಿದ್ದರು. ನನ್ನ 640 ಪುಟಗಳ ಕರಡಿನಲ್ಲಿ ಆ ಅಂಗಳ ಒಂದು ಮೈದಾನವೇ ಆಗಿತ್ತು. ಬಾಳೆಲೆಯ ಅಗಲ, ಬಡಿಸುವವರಿಗೆ ದಾರಿ, ಎಲ್ಲ ಬಿಟ್ಟು ಲೆಕ್ಕ ಹಾಕಿದರೆ ಆ ಜಾಗದಲ್ಲಿ ಅರವತ್ತು ಜನಕ್ಕಿಂತ ಹೆಚ್ಚು ಕೂರುವುದು ಸಾಧ್ಯವಿರಲಿಲ್ಲ.

"ಅತ್ತೆ, ಇಲ್ಲಿ ಅರವತ್ತೇ ಜನ ಹಿಡೀತಾರೆ. ಅಜ್ಜಿ ಮುನ್ನೂರು ಅಂತಿದ್ರು" ಎಂದೆ.

ಅತ್ತೆ ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಒಂದೇ ಪಂಕ್ತಿ ಆಗ್ತದೇನೋ ಮಾರಾಯ ಮದುವೆಮನೇಲಿ? ಐದು ಪಂಕ್ತಿ ಕೂತಿತ್ತು. ಮೊದಲನೇದು ಹನ್ನೊಂದೂವರೆಗೆ ಹಾಕಿದ್ದು, ಹೆಂಗಸರ ಪಂಕ್ತಿ ಏಳುವಾಗ ಗ್ಯಾಸ್‌ಲೈಟು ಹಚ್ಚಿದ್ರು."

ಅರವತ್ತರ ಐದು ಪಂಕ್ತಿ. ಅಜ್ಜಿಯ ಲೆಕ್ಕ ಒಂದು ತಲೆಯೂ ತಪ್ಪಿರಲಿಲ್ಲ. ನನ್ನ ಅಳತೆಯಲ್ಲಿ ಉದ್ದ ಇತ್ತು, ಅಗಲ ಇತ್ತು, ಹೊತ್ತು ಇರಲಿಲ್ಲ. ಅಲ್ಲೇ ಆ ಮೆಟ್ಟಿಲ ಮೇಲೆ ಕೂತಿದ್ದಾಗಲೇ ಕಾದಂಬರಿ ಎಷ್ಟು ದೊಡ್ಡದು ಎಂಬುದು ತಿಳಿಯಿತು: ಒಂದು ಅಂಗಳ, ಒಂದು ದಿನ, ಐದು ಪಂಕ್ತಿ. ಊರು ಮುಳುಗುತ್ತದೆಂದು ಎಲ್ಲರಿಗೂ ತಿಳಿದಿರುವ, ಯಾರೂ ಆ ಮಾತೆತ್ತದ ಒಂದು ಮದುವೆಯ ದಿನ. ಜೀಪಿನ ಕಡೆಗೆ ಮರಳಿ ನಡೆಯುವಾಗ ಅತ್ತೆ, ತಮಗೆ ತಾವೇ ಹೇಳಿಕೊಳ್ಳುವಂತೆ, ಇನ್ನೊಂದು ಮಾತು ಸೇರಿಸಿದರು. "ಕೊನೆಗಾರನ ಮನೆಯವ್ರು, ಆಳುಗಳು, ಆ ಮುನ್ನೂರಲ್ಲಿ ಇಲ್ಲ. ಅವ್ರು ಕೂತಿದ್ದು ಕೊಟ್ಟಿಗೆ ಹಿಂದೆ. ಅವ್ರನ್ನ ಎಣಿಸಿದವ್ರು ಯಾರು?"

ಮತ್ತೆ ಮೊದಲಿನಿಂದ ಬರೆದೆ. ಹಳೆಯ ಕರಡಿನಿಂದ ತೆಗೆದುಕೊಂಡದ್ದು ಹನ್ನೊಂದು ಪುಟ ಇರಬಹುದು. ಯೋಜನೆಯ ಇತಿಹಾಸ ಹೋಯಿತು, ಅಂಕಿಗಳು ಹೋದವು, ಉಳಿದ ಮೂರು ಊರುಗಳು ಹೋದವು. ನಿರೂಪಣೆಯ ಭಾಷೆ ನಾನು ಈಗ ಬರೆಯುತ್ತಿರುವಂಥ ಬರಹದ ಕನ್ನಡವೇ ಆಗಿರಲಿ, ಮಾತು ಮಾತ್ರ ಆಯಾ ಮನೆಯ ಮಾತಾಗಿರಲಿ ಎಂದು ನಿರ್ಧರಿಸಿದೆ. ಒಂದೇ ಊರಿನೊಳಗೆ ಮನೆಯಿಂದ ಮನೆಗೆ ಕ್ರಿಯಾಪದದ ಬಾಲ ಬದಲಾಗುತ್ತಿದ್ದುದನ್ನು ಅತ್ತೆಯೇ ಹೇಳಿಕೊಟ್ಟರು. ಒಂದೊಂದು ಭಾಗಕ್ಕೂ ಒಂದೊಂದು ಪಂಕ್ತಿ. ಬರೆಯುತ್ತ ಹೋದಂತೆ ಐದಕ್ಕೆ ನಿಲ್ಲಿಸುವುದು ಅನ್ಯಾಯವೆನಿಸಿ, ಕೊಟ್ಟಿಗೆಯ ಹಿಂದೆ ಕೂತವರಿಗಾಗಿ ಆರನೇ ಭಾಗ ಬರೆದೆ. ಹದಿನೆಂಟು ತಿಂಗಳಿಗೆ 280 ಪುಟಗಳಾದವು. ದಿನಕ್ಕೆ ಎರಡು ಪುಟ ಎಂಬ ನಿಯಮ ಈ ಸಲ ನಡೆಯಲಿಲ್ಲ. ಎಷ್ಟೋ ಬೆಳಗುಗಳಲ್ಲಿ ಅರ್ಧ ಪುಟ, ಕೆಲವು ದಿನ ಒಂದು ವಾಕ್ಯ. ನಿಯಮ ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ, ಹೊತ್ತು ಬಿಡಲಿಲ್ಲ.

ಅಚ್ಚಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸಣ್ಣ ಪ್ರಕಾಶಕರೊಬ್ಬರು ಒಪ್ಪಿದರು. 500 ಪ್ರತಿ, ಗೌರವಧನದ ಬದಲು ಐವತ್ತು ಪುಸ್ತಕ. ನಾನು 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯುನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತುಗಳು ಸ್ಥಾನಪಲ್ಲಟವಾದವು. 'ಸರ್ವೆ' ಎಂದು ಬರೆದ ಕಡೆಯೆಲ್ಲ 'ಸವೆರ್' ಎಂದಾಗಿತ್ತು, 'ಪರ್ವತ' 'ಪವರ್ತ'ವಾಗಿತ್ತು. ಒಟ್ಟಿಗೆ ಬದಲಿಸಲು ಹೋದರೆ ಸರಿಯಿದ್ದ ಪದಗಳೂ ಕೆಡುತ್ತಿದ್ದವು. ಕೊನೆಗೆ ಪ್ರತಿ ಪುಟದ ಮೇಲೆ ಅಡಿಕೋಲು ಇಟ್ಟು, ಸಾಲಿನಿಂದ ಸಾಲಿಗೆ ಇಳಿಸುತ್ತ, ಮೂರು ಸಲ ಕರಡು ತಿದ್ದಿದೆ. ಕಾದಂಬರಿ ಬರೆಯುವ ಆಸೆಯುಳ್ಳವರಿಗೆ ನಾನು ಕೊಡಬಲ್ಲ ಖಚಿತ ಸಲಹೆ ಒಂದೇ: ಮೊದಲಿನಿಂದಲೇ ಯುನಿಕೋಡಿನಲ್ಲಿ ಟೈಪು ಮಾಡಿ.

ಮೂರನೆಯ ಕರಡು ನನ್ನ ಕೈಯಲ್ಲಿದ್ದಾಗ, ಅತ್ತೆಯ ನೆನಪಿನ ಎಳೆ ಹಿಡಿದು ಹುಡುಕಿದ ಫಲವಾಗಿ, ಆ ಕೊನೆಗಾರನ ಮಗಳು ಭದ್ರಾವತಿಯ ಕಡೆಗೆ ಮದುವೆಯಾಗಿ ಹೋದವರು ಇನ್ನೂ ಇದ್ದಾರೆಂದು ಗೊತ್ತಾಯಿತು. ದೊಡ್ಡತ್ತೆಯ ಮದುವೆಯ ದಿನ ಅವರಿಗೆ ಎಂಟೋ ಒಂಬತ್ತೋ ವರ್ಷ. ಒಂದು ಭಾನುವಾರ ಹೋಗಿ, ನಾನು ಯಾರ ಮೊಮ್ಮಗ ಎಂದು ಹೇಳಿದೆ. ಅವರು ಎದ್ದು ನಿಲ್ಲಲು ಹೋದರು. ನಾನು ಬೇಡವೆಂದು ಕೈ ಹಿಡಿದು ಕೂರಿಸಿ ಅವರ ಎದುರು ನೆಲದ ಮೇಲೆ ಕೂತೆ. ಆರನೇ ಭಾಗವನ್ನು ಪೂರ್ತಿ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಕೊಟ್ಟಿಗೆಯ ಹಿಂದಿನ ಜಾಗ, ಹಲಸಿನ ಮರ, ಕತ್ತಲು, ಎಲ್ಲದಕ್ಕೂ ತಲೆಯಾಡಿಸಿದರು. ಊಟ ಬಡಿಸುವ ಕಡೆ ಬಂದಾಗ ಕಣ್ಣು ತೆರೆದರು.

"ಪಾಯ್ಸ ಬಡ್ಸಿದ್ರು ಅಂತ ಬರ್ದೀರಲ್ಲ ಅಯ್ಯಾ. ನಮ್ಗೆ ಪಾಯ್ಸ ಸಿಗ್ಲಿಲ್ಲ. ಮುಗ್ದಿತ್ತು. ನಾಳೆ ಮಾಡ್ಕೊಡ್ತೀನಿ ಬಾ ಮಗಾ ಅಂದಿದ್ರು ನಿಮ್ಮಜ್ಜಿ. ಮಾರ್ನೇ ದಿನ ಅವ್ರಿಗೆ ಕೈ ಬಿಡುವಿರ್ಲಿಲ್ಲ. ಆಮೇಲೆ ಊರೇ ಇರ್ಲಿಲ್ಲ."

ಅವರ ದನಿಯಲ್ಲಿ ದೂರು ಇರಲಿಲ್ಲ. ನಮ್ಮ ಅಜ್ಜಿ ಹೇಗೆ ತೀರಿಕೊಂಡರು ಎಂದು ಕೇಳಿದರು, ಹೇಳಿದೆ. ಸಂಜೆಯ ಬಸ್ಸಿಗೆ ಮನೆಗೆ ಬಂದು ಪೆಟ್ಟಿಗೆಯಿಂದ ಕೊನೆಗಾರನ ಪಹಣಿ ಹೊರತೆಗೆದು, ನಾಲ್ಕು ವರ್ಷದಿಂದ ಖಾಲಿಯಿದ್ದ ಹನ್ನೊಂದನೇ ಕಾಲಂನಲ್ಲಿ 'ಪಾಯಸ, ಅಜ್ಜಿಯಿಂದ ಬರಬೇಕಾದದ್ದು' ಎಂದು ಬರೆದೆ. ಆಮೇಲೆ ಪ್ರಕಾಶಕರಿಗೆ ಫೋನು ಮಾಡಿ 271ನೇ ಪುಟದಲ್ಲಿ ನಾಲ್ಕು ಸಾಲು ಬದಲಾಗಬೇಕು ಎಂದೆ. ಪುಟ ವಿನ್ಯಾಸ ಮುಗಿದಿದೆ, ನಾಲ್ಕು ಸಾಲು ಹೆಚ್ಚಾದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕೊನೆಯ ಫಾರಂ ಪೂರ್ತಿ ಸರಿಯುತ್ತದೆ ಎಂದು ಅವರು ಹೇಳಿದರು. ಖರ್ಚು ಎಷ್ಟಾದರೂ ನಾನೇ ಕೊಡುತ್ತೇನೆ ಎಂದು ಹೇಳಿ, ಫೋನಿನಲ್ಲೇ ಆ ಸಾಲುಗಳನ್ನು ಒಂದೊಂದಾಗಿ ಓದಿ ಬರೆಸಿದೆ.